ಕಳಸಿಗೆಗೆ ತುದಿಯಿಲ್ಲ

ಬಾಗಿದ ಹಲಗೆಯನ್ನು ನೆಟ್ಟಗೆ ಮಾಡುವುದು ನನಗೆ ಚೆನ್ನಾಗಿ ಗೊತ್ತು. ಗುಳಿ ಬಿದ್ದ ಮೈಯನ್ನು ಕೆಳಗೆ ಮಾಡಿ ಒದ್ದೆ ಗೋಣಿಯ ಮೇಲೆ ಕವುಚಿ ಹಾಕಬೇಕು. ಉಬ್ಬಿದ ಮೈ ಬಿಸಿಲಿಗೆ ಬರಬೇಕು. ಕೆಳಗಿನ ಮೈ ನೀರು ಕುಡಿದು ಹಿಗ್ಗುತ್ತದೆ, ಮೇಲಿನದು ಒಣಗಿ ಕುಗ್ಗುತ್ತದೆ, ಸಂಜೆಯ ಹೊತ್ತಿಗೆ ಹಲಗೆ ತಾನಾಗಿ ಮಲಗುತ್ತದೆ. ಆಮೇಲೆ ಮೇಲೆ ಕೆಂಪುಕಲ್ಲು ಹೇರಿ ನೆರಳಲ್ಲಿ ಬಿಟ್ಟರೆ ಆಯಿತು. ಯಡ್ತರೆಯಲ್ಲಿ ಕೊಲ್ಲೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ನನ್ನ ಕೊಟ್ಟಿಗೆ ಇದೆ. ದಾರಂದ, ಬಾಗಿಲು, ಕಿಟಕಿ ಮಾಡಿ ಬದುಕಿದವನು ನಾನು. ಹಲಸು, ಬೋಗಿ, ಹೆಬ್ಬಲಸು ಯಾವುದನ್ನೇ ತಂದು ಹಾಕಿದರೂ ಅದು ಎತ್ತ ತಿರುಗೀತು ಎಂದು ಮೊದಲೇ ಹೇಳಬಲ್ಲೆ ಎಂಬ ಹೆಮ್ಮೆ ನನ್ನದು. ದೊಡ್ಡಪ್ಪನ ಮದ್ದಳೆಯನ್ನು ಹಾಳು ಮಾಡಿದ್ದು ಈ ಹೆಮ್ಮೆಯೇ.

ದೊಡ್ಡಪ್ಪ ಯಕ್ಷಗಾನ ಮೇಳದ ಕಲಾವಿದರಲ್ಲ. ಊರಿನ ಹವ್ಯಾಸಿ ತಂಡದಲ್ಲಿ ಬಾರಿಸುತ್ತಿದ್ದರು, ಮಳೆಗಾಲದ ತಾಳಮದ್ದಳೆಗೆ ಅವರೇ ಬೇಕಿತ್ತು. ಅವರು ಹೋದ ಮೇಲೆ ಮದ್ದಳೆ ಅಡುಗೆಮನೆಯ ಅಟ್ಟಕ್ಕೆ ಹೋಯಿತು. ಒಲೆಯ ಹೊಗೆ ತಾಗುವಷ್ಟು ದಿನ ಅದಕ್ಕೆ ಏನೂ ಆಗಲಿಲ್ಲ. ಮನೆಗೆ ಗ್ಯಾಸ್ ಬಂತು, ಹೊಗೆ ನಿಂತಿತು, ಒಂದು ಮಳೆಗಾಲದಲ್ಲಿ ಅದರ ಮೇಲಿನ ಹಂಚು ಸರಿದದ್ದು ಯಾರಿಗೂ ಗೊತ್ತಾಗಲಿಲ್ಲ. ನಮ್ಮಲ್ಲಿ ಸುರಿಯುವುದು ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸಿನ ಮಳೆ. ನೀರು ಹನಿಹನಿಯಾಗಿ ಬಿದ್ದದ್ದು ಮದ್ದಳೆಯ ಒಂದೇ ಮಗ್ಗುಲಿಗೆ. ಇಳಿಸಿ ನೋಡುವಾಗ ಚರ್ಮದ ಮುಚ್ಚಿಗೆಗೆ ಬೂಸ್ಟು ಹಿಡಿದಿತ್ತು, ಅದನ್ನು ಬಿಗಿಯುವ ಬಾರು ಸೆಟೆದುಕೊಂಡಿತ್ತು, ಬಲಬಾಯಿ ಉರುಟು ತಪ್ಪಿತ್ತು.

ದೊಡ್ಡಮ್ಮ ಅದನ್ನು ಸೀರೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಜೊತೆಗೆ ದುಡ್ಡನ್ನೂ ಕೊಟ್ಟರು. "ಮಗಾ, ಮದ್ದಳೆ ಮಾಡುವರ ಹತ್ರ ಕೊಟ್ಟ್ ಬಾ. ಮೊಮ್ಮಗ ಕಲಿತೆ ಅಂತ ಕೂತಿದ್ದ" ಅಂದರು. ಮಾಡುವವರು ಇದ್ದದ್ದು ಬ್ರಹ್ಮಾವರದ ಕಡೆ. ಅವರ ಹತ್ತಿರ ನಾನು ಹೋಗಲೇ ಇಲ್ಲ. ಕೊಟ್ಟಿಗೆಗೆ ತಂದು, ಬಾರು ಬಿಚ್ಚಿ, ಮುಚ್ಚಿಗೆ ಎರಡನ್ನೂ ತೆಗೆದು, ಬರೀ ಕಳಸಿಗೆಯನ್ನು, ಅಂದರೆ ಮರದ ಒಡಲನ್ನು, ಮೇಜಿನ ಮೇಲೆ ನಿಲ್ಲಿಸಿದೆ. ಮರದ ಕೆಲಸ ತಾನೇ, ನಾನೇ ಸರಿ ಮಾಡಿ ಮುಚ್ಚಿಗೆ ಮಾತ್ರ ಹಾಕಿಸಿದರಾಯಿತು ಅಂತ ಲೆಕ್ಕ ಹಾಕಿದೆ.

ಚರ್ಮ ಕಳಚಿದ ಕಳಸಿಗೆಯನ್ನು ನಾನು ಹತ್ತಿರದಿಂದ ಕಂಡದ್ದು ಅವತ್ತೇ ಮೊದಲು. ಹಲಸಿನ ಮರ, ಹಳದಿ ಪೂರ್ತಿ ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು. ನಡು ಉಬ್ಬು, ಎರಡು ಬಾಯಿಯ ಕಡೆಗೆ ಇಳಿಜಾರು. ಹೊರಮೈ ಕೈಜಾರುವಷ್ಟು ನಯ. ಒಳಗೆ ಕೈ ಹಾಕಿದರೆ ಉಳಿಯ ಹೊಡೆತಗಳು ಸಾಲುಸಾಲಾಗಿ ಬೆರಳಿಗೆ ತಾಗುತ್ತಿದ್ದವು, ಕೊರೆದವನು ಅದನ್ನು ಉಜ್ಜಲು ಹೋಗಿರಲಿಲ್ಲ. ಬಲಬಾಯಿಯ ಮೇಲೆ ಸ್ಕೇಲು ಇಟ್ಟು ಅಳೆದೆ. ಒಂದು ದಿಕ್ಕಿಗೂ ಅದರ ಅಡ್ಡ ದಿಕ್ಕಿಗೂ ನಾಲ್ಕು ಮಿಲಿಮೀಟರ್ ವ್ಯತ್ಯಾಸ. ಬಾಯಿಯನ್ನು ಗಾಜಿನ ಮೇಲೆ ಕವುಚಿದರೆ ಒಂದು ಕಡೆ ಉಗುರು ತೂರುವಷ್ಟು ಸಂದು.

ಇವೆರಡರಲ್ಲಿ ಯಾವುದು ಕಾಯಿಲೆ, ಯಾವುದು ಮರದ ಸ್ವಭಾವ ಎಂದು ಕೇಳಿಕೊಳ್ಳಬೇಕಿತ್ತು. ಎರಡೂ ಕಾಯಿಲೆ ಅಂದುಕೊಂಡೆ. ಅದರಲ್ಲೂ ಉರುಟು ತಪ್ಪಿದ್ದೇ ದೊಡ್ಡ ಕಾಯಿಲೆ ಅಂತ ತೀರ್ಮಾನಿಸಿದೆ.

ಮರ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೆಂದರೂ ಆದೀತು. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ ಕುಗ್ಗುತ್ತದೆ. ವರ್ಷದ ಉಂಗುರಗಳ ಗುಂಟ, ಅಂದರೆ ಸುತ್ತಲಿನ ದಿಕ್ಕಿಗೆ, ಅದರ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ. ದಪ್ಪ ದಿಮ್ಮಿಯ ಮಗ್ಗುಲಿನಿಂದ ತುಂಡು ತೆಗೆದು ಉರುಟಾಗಿ ಕಡೆದರೆ ಉಂಗುರಗಳು ಅದರೊಳಗೆ ಕಮಾನಿನ ಹಾಗೆ ಹಾದುಹೋಗುತ್ತವೆ. ಒಣಗುತ್ತಾ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಕುಗ್ಗಿ ಅದು ಮೊಟ್ಟೆಯಾಕಾರಕ್ಕೆ ಬರಲೇಬೇಕು. ತಿರುಳನ್ನೇ ನಡುವೆ ಇಟ್ಟು ಕಡೆದರೆ ಉರುಟು ಉಳಿಯುತ್ತದೆ, ಆದರೆ ಸೀಳುವ ಭಯ ಹೆಚ್ಚು. ಹಸಿ ಮರದ ತೇವ ನೂರಕ್ಕೆ ಮೂವತ್ತರಷ್ಟಕ್ಕೆ ಇಳಿಯುವ ತನಕ ಕುಗ್ಗುವ ಮಾತೇ ಇಲ್ಲ, ಅಲ್ಲಿಂದ ಕೆಳಗೆ ಒಂದೊಂದು ಅಂಶ ಇಳಿದಾಗಲೂ ಅಳತೆ ಬದಲಾಗುತ್ತದೆ. ನಮ್ಮ ಕರಾವಳಿಯ ಆಷಾಢದಲ್ಲಿ ಗಾಳಿಗೆ ಬಿಟ್ಟ ಮರದಲ್ಲಿ ತೇವ ಹದಿನೆಂಟು ಇಪ್ಪತ್ತಕ್ಕೆ ನಿಲ್ಲುತ್ತದೆ. ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಅದೇ ಮರ ಎಂಟಕ್ಕೋ ಒಂಬತ್ತಕ್ಕೋ ಇಳಿಯುತ್ತದೆ. ಹುಬ್ಬಳ್ಳಿಗೆ ಕಳಿಸಿದ ಬಾಗಿಲು ಅಲ್ಲಿ ಸಂದು ಬಿಟ್ಟಿತು ಅಂತ ಫೋನ್ ಬರುವುದು ಇದಕ್ಕೇ.

ಇಷ್ಟೂ ನನಗೆ ಗೊತ್ತಿತ್ತು. ಹೊಳೆಯದೆ ಹೋದದ್ದು ಒಂದೇ. ಹಲಗೆಗೆ ಎರಡು ತುದಿಗಳಿವೆ. ಒತ್ತಿದರೆ, ಒದ್ದೆ ಮಾಡಿದರೆ, ಅದು ಅಗಲಕ್ಕೆ ಸರಿಯಲು ಜಾಗ ಇದೆ. ಕಳಸಿಗೆಗೆ ತುದಿಯೇ ಇಲ್ಲ, ಸುತ್ತು ಬಂದು ತನ್ನನ್ನೇ ಕೂಡುತ್ತದೆ. ಅದರ ಒಂದು ಮಗ್ಗುಲು ಹಿಗ್ಗಬೇಕಾದರೆ ಉಳಿದದ್ದೆಲ್ಲ ಒಪ್ಪಬೇಕು. ಒಪ್ಪದಿದ್ದರೆ ಒಳಗೇ ನಜ್ಜಾಗಬೇಕು, ಇಲ್ಲ ಸೀಳಬೇಕು. ಅಟ್ಟದಲ್ಲಿ ಆದದ್ದು ಮೊದಲನೆಯದು. ಬಾರು ಬಿಗಿದಿದ್ದಾಗಲೇ ಒಂದು ಮಗ್ಗುಲು ನೀರು ಕುಡಿಯಿತು. ಹಿಗ್ಗಲು ಎಡೆ ಸಿಗದೆ ಅಲ್ಲಿನ ನಾರು ನಜ್ಜಾಯಿತು. ಒಣಗಿದಾಗ ಮೊದಲಿಗಿಂತ ಚಿಕ್ಕದಾಗಿ ಕೂತಿತು. ನಜ್ಜಾದ ನಾರಿಗೆ ಮತ್ತೆ ನೀರು ಕುಡಿಸಿದರೂ ಹಳೆಯ ಅಳತೆ ಬರುವುದಿಲ್ಲ. ಎರಡನೆಯದನ್ನು ಮಾಡಿದವನು ನಾನು.

ಬಚ್ಚಲಿನ ಹಂಡೆಯಲ್ಲಿ ನೀರು ಕಾಯಿಸಿ ಕಳಸಿಗೆಯನ್ನು ಮುಳುಗಿಸಿಟ್ಟೆ. ಮೆತ್ತಗಾದಂತೆ ಕಂಡಾಗ ತೆಗೆದು, ಲಾರಿಯವರು ಸರಕು ಬಿಗಿಯುವ ಬೆಲ್ಟನ್ನು ಉದ್ದನೆಯ ದಿಕ್ಕು ಒಳಕ್ಕೆ ಒತ್ತುವ ಹಾಗೆ ಮರದ ತುಂಡುಗಳ ಮೇಲಿಂದ ಸುತ್ತಿ ಹಲ್ಲುಹಲ್ಲಾಗಿ ಬಿಗಿದೆ. ಗಿಡ್ಡ ದಿಕ್ಕಿಗೆ ಒಳಗಿನಿಂದ ಎರಡು ಬೆಣೆ ಹೊಡೆದೆ. ಸ್ಕೇಲು ಇಟ್ಟೆ, ಎರಡೂ ಕಡೆ ಸಮ! ಆ ಖುಷಿಯಲ್ಲಿ, ಅದು ಹಾಗೇ ಗಟ್ಟಿಯಾಗಲಿ ಅಂತ ಅಂಗಳದಲ್ಲಿ ಅಡಿಕೆ ಒಣಗಿಸುವ ಜಾಗದಲ್ಲಿ ಏಪ್ರಿಲ್ ಬಿಸಿಲಿಗೆ ಇಟ್ಟೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಟಪ್ಪೆಂದು ಸದ್ದಾಯಿತು. ತೆಂಗಿನಕಾಯಿ ಬಿತ್ತು ಅಂದುಕೊಂಡೆ. ಹೊರಗೆ ಬಂದು ನೋಡಿದರೆ ಬಲಬಾಯಿಯಿಂದ ಹೊರಟ ಬಿರುಕು ನಡುವಿನ ಉಬ್ಬಿನ ತನಕ ಬಂದಿತ್ತು. ಹೊರಮೈ ಬಿಸಿಲಿಗೆ ಬೇಗ ಒಣಗಿ ಕುಗ್ಗಲು ನೋಡಿದೆ, ಒಳಮೈ ಇನ್ನೂ ಹಸಿ, ಬೆಣೆ ಬೇರೆ ಒಳಗಿನಿಂದ ತಡೆದಿದೆ. ಬಾಯಿಯ ಅಂಚಿನಲ್ಲಿ ನಾರಿನ ತುದಿಗಳು ತೆರೆದಿರುವುದರಿಂದ ಅಲ್ಲಿ ನೀರು ಆರುವುದು ಇನ್ನೂ ಬೇಗ. ದಿಮ್ಮಿಯ ತಲೆಗೆ ಸೆಗಣಿಯನ್ನೋ ಸುಣ್ಣವನ್ನೋ ಬಳಿದಿಡುವುದು ಇದೇ ಕಾರಣಕ್ಕೆ. ನಾನೇ ಎಷ್ಟು ಸಲ ಬಳಿದಿದ್ದೇನೆ! ಬೆಲ್ಟು ಬಿಚ್ಚಿ ಎರಡು ದಿನಕ್ಕೆ ಉರುಟೂ ಹೋಯಿತು. ಹಳೆಯ ಮೊಟ್ಟೆಯಾಕಾರ ವಾಪಸ್ ಬಂತು, ಬಿರುಕು ಲಾಭಕ್ಕೆ ಉಳಿಯಿತು.

ಇಲ್ಲಿಗೆ ನಿಲ್ಲಿಸಿದ್ದರೂ ಮದ್ದಳೆ ಉಳಿಯುತ್ತಿತ್ತು. ಆದರೆ ದೊಡ್ಡಮ್ಮ ಕೇಳಿದಾಗ, "ಮಾಡುವವರ ಹತ್ರ ಕೊಟ್ಟಾಯ್ತ್, ಹತ್ತನಾವಧಿ ಕಳ್ದ್ ಕೊಡ್ತ್ರಂಬ್ರ್" ಅಂದುಬಿಟ್ಟೆ. ಈ ಸುಳ್ಳು ಸುಲಭವಾಗಿ ನಂಬುವಂಥದ್ದು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಅಂತ ಮೇಳಗಳೆಲ್ಲ ಹತ್ತನಾವಧಿಗೆ, ಅಂದರೆ ಮೇ ಕೊನೆಯ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತವೆ. ತಿಂಗಳುಗಟ್ಟಲೆ ರಾತ್ರಿಯಿಡೀ ಪೆಟ್ಟು ತಿಂದ ಮದ್ದಳೆ, ಚಂಡೆಗಳು ರಿಪೇರಿಗೆ ಬಂದು ಸಾಲು ನಿಲ್ಲುವುದು ಆಗಲೇ. ಹಾಗೆ ಸುಳ್ಳು ಹೇಳಿದ ಮೇಲೆ ಕೆಲಸ ಮುಗಿಸಲೇಬೇಕಾದ ಹಟ ಹಿಡಿಯಿತು.

ಬಿರುಕಿಗೆ ಅರಾಲ್ಡೈಟ್‌ನಲ್ಲಿ ಮರದ ಹುಡಿ ಕಲಸಿ ತುಂಬಿದೆ. ಬಾಗಿಲಿನ ಗಂಟು ಉದುರಿದಲ್ಲಿ ಹಾಗೆ ತುಂಬಿ ಪಾಲಿಶ್ ಕೊಟ್ಟರೆ ಗಿರಾಕಿಗೆ ಗೊತ್ತಾಗುವುದಿಲ್ಲ. ಆದರೆ ಅದು ಗಾಜಿನಂತೆ ಬಿಗಿಯಾಗಿ ನಿಲ್ಲುವ ವಸ್ತು, ಮರದ ಜೊತೆ ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ. ಜೂನ್‌ನಲ್ಲಿ ಮರ ಹಿಗ್ಗಿ ಅದರ ಎರಡು ಮಗ್ಗುಲಿಗೂ ಒತ್ತಿತು, ಮತ್ತಷ್ಟು ನಾರು ನಜ್ಜಾಯಿತು. ಬಿಸಿಲು ಬಂದಾಗ ತುಂಬಿದ್ದರ ಪಕ್ಕದಲ್ಲೇ ಹೊಸ ಸಂದು. ಇದು ಗೊತ್ತಾದದ್ದು ಆಮೇಲೆ.

ಅದಕ್ಕಿಂತ ದೊಡ್ಡ ಅನಾಹುತ ಅರ ಹಿಡಿದು ಮಾಡಿದ್ದು. ಬಗ್ಗಿಸಿ ಉರುಟು ಮಾಡಲು ಆಗದಿದ್ದರೆ ಕೆತ್ತಿ ಉರುಟು ಮಾಡಬಹುದಲ್ಲ! ಕಂಪಾಸಿನಲ್ಲಿ ಬಲಬಾಯಿಗೆ ವೃತ್ತ ಗೀರಿ, ಅದರ ಹೊರಗೆ ಚಾಚಿದ ಮರವನ್ನೆಲ್ಲ ಅರದಿಂದ ತಿಕ್ಕಿ ತೆಗೆದೆ. ಉದ್ದನೆಯ ದಿಕ್ಕಿನ ಎರಡು ಕಡೆಯೂ ಹೊರಗಿನಿಂದ ಹೋಯಿತು. ಕೊನೆಗೆ ಬಾಯಿ ಚಂದಿರನಂತೆ ಉರುಟಾಯಿತು. ಆದರೆ ಅಂಚು ಒಂದು ದಿಕ್ಕಿಗೆ ದಪ್ಪ, ಇನ್ನೊಂದು ದಿಕ್ಕಿಗೆ ತೆಳು. ದಾರಂದಕ್ಕೆ ಹೊರಗಿನ ಅಳತೆ ಸರಿಯಿದ್ದರೆ ಸಾಕು, ಗೋಡೆಯೊಳಗೆ ಹೋದದ್ದನ್ನು ಯಾರು ನೋಡುತ್ತಾರೆ? ಆ ಅಭ್ಯಾಸ ಕೈಯಲ್ಲಿ ಕೂತಿತ್ತು.

ಪೇಟೆಯ ಒಬ್ಬರ ಹತ್ತಿರ ಮುಚ್ಚಿಗೆ ಹಾಕಿಸಿ ತಂದೆ. ನೋಡಲು ಹೊಸ ಮದ್ದಳೆ. ಶ್ರಾವಣದಲ್ಲಿ ನಮ್ಮ ತಾಳಮದ್ದಳೆ ಇತ್ತು, ಪ್ರಸಂಗ 'ಭೀಷ್ಮ ವಿಜಯ'. ಮದ್ದಳೆಗೆ ನಾನೇ ಕೂತೆ. ಭಾಗವತರದು ಕಪ್ಪು ಎರಡರ ಶ್ರುತಿ. ಹಾರ್ಮೋನಿಯಂ ಪಕ್ಕದಲ್ಲಿ ಕೂತು ಮುಚ್ಚಿಗೆಯ ಅಂಚಿಗೆ ತಟ್ಟಿ ತಟ್ಟಿ ಏರಿಸಿದೆ. ಒಂದು ಕಡೆ ತಟ್ಟಿದರೆ ಎದುರಿನ ಕಡೆ ಇಳಿಯುತ್ತಿತ್ತು. ತೆಳುವಾದ ಅಂಚು ಬಾರಿನ ಎಳೆತಕ್ಕೆ ಒಳಕ್ಕೆ ಬಾಗುತ್ತಿದೆ ಅಂತ ನನಗೆ ಆಗ ಹೊಳೆಯಲಿಲ್ಲ. ಹೇಗೋ ಶ್ರುತಿಗೆ ತಂದೆ ಅಂದುಕೊಂಡು ಬಾರಿಸಿದೆ. ಅಂಬೆ ಭೀಷ್ಮನ ಎದುರು ನಿಂತು ಕೇಳುವ ಜಾಗಕ್ಕೆ ಬರುವಾಗ ಬಲಗಡೆಯ ನಾದ ಎರಡಾಗಿ ಸೀಳಿತ್ತು. ಒಂದು ಪೆಟ್ಟಿಗೆ ಎರಡು ಸ್ವರ, ಅವುಗಳ ನಡುವೆ ವಂಯ್ ವಂಯ್ ಅನ್ನುವ ಅಲೆ. ಭಾಗವತರು ಪದ್ಯದ ನಡುವೆ ನನ್ನ ಕಡೆ ತಿರುಗಲಿಲ್ಲ. ಪದ್ಯ ಮುಗಿಸಿ, ತಾಳ ಕೆಳಗಿಟ್ಟು, ಹಿಂದೆ ಕೂತಿದ್ದ ಇನ್ನೊಬ್ಬರಿಗೆ "ನಿಮ್ದ್ ತನ್ನಿ" ಅಂದರು. ನಾನು ಎದ್ದು ಜಾಗ ಬಿಟ್ಟೆ. ಅಷ್ಟೂ ಜನರೆದುರು ಏಳುವುದು ಹೇಗಿರುತ್ತದೆ ಅನ್ನುವುದನ್ನು ಬರೆಯುವುದಿಲ್ಲ.

ಈ ಎರಡು ಸ್ವರದ ಹಿಂದಿನ ವಿಜ್ಞಾನವನ್ನು ನನಗೆ ಬಿಡಿಸಿ ಹೇಳಿದ್ದು ಬೈಂದೂರಿನಲ್ಲಿ ಭೌತಶಾಸ್ತ್ರ ಕಲಿಸುವ ಸ್ನೇಹಿತ. ಚರ್ಮ ಬರೀ ಮೇಲೆ ಕೆಳಗೆ ಮಾತ್ರ ಕಂಪಿಸುವುದಿಲ್ಲ. ನಡುವೆ ಒಂದು ಗೆರೆ ಎಳೆದಂತೆ ಅರ್ಧ ಮೇಲೆ, ಅರ್ಧ ಕೆಳಗೆ ಆಗಿಯೂ ಕಂಪಿಸುತ್ತದೆ. ಬಾಯಿ ಉರುಟಿದ್ದು ಬಿಗಿ ಎಲ್ಲ ಕಡೆ ಒಂದೇ ಇದ್ದರೆ ಆ ಗೆರೆ ಯಾವ ದಿಕ್ಕಿಗಿದ್ದರೂ ಸ್ವರ ಒಂದೇ. ಬಿಗಿ ಅಥವಾ ಅಳತೆ ಒಂದು ದಿಕ್ಕಿಗೆ ಬೇರೆಯಾದರೆ ಎರಡು ದಿಕ್ಕಿನ ಸ್ವರ ಬೇರೆಯಾಗಿ, ಒಂದಕ್ಕೊಂದು ತಾಗಿ ಅಲೆ ಏಳುತ್ತದೆ. ನಮ್ಮ ವಾದ್ಯಗಳ ಮುಚ್ಚಿಗೆಯ ನಡುವೆ ಹಾಕುವ ಕರಣೆ ಏನು ಮಾಡುತ್ತದೆ ಎಂದು ಶೋಧಿಸಿದವರು ಸಿ.ವಿ. ರಾಮನ್. ಬರೀ ಚರ್ಮದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕಿಟ್ಟದ ಪುಡಿಯನ್ನು ಅನ್ನದ ಜೊತೆ ಅರೆದು ಪದರಪದರವಾಗಿ ಹಚ್ಚಿ ನಡುವನ್ನು ಭಾರ ಮಾಡಿದಾಗ ಅವು ತಂತಿವಾದ್ಯದ ಹಾಗೆ ಲೆಕ್ಕಕ್ಕೆ ಬರುತ್ತವೆ ಎಂದು ಅವರು 1920ರಲ್ಲಿ, ಕಲ್ಕತ್ತೆಯಲ್ಲಿದ್ದಾಗ, 'ನೇಚರ್' ಪತ್ರಿಕೆಯಲ್ಲಿ ಶಿವಕಾಳಿ ಕುಮಾರ್ ಜೊತೆ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದನ್ನೇ ಇನ್ನೂ ವಿಸ್ತರಿಸಿ ಬರೆದರು. ಸ್ನೇಹಿತ ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದರೆ ನನಗೆ ಕುತ್ತಿಗೆ ಬಗ್ಗಿಸಿ ಕೂರುವುದು ಬಿಟ್ಟು ಬೇರೆ ದಾರಿಯಿರಲಿಲ್ಲ. ಉರುಟು ಮಾಡಲು ಹೋಗಿ, ಉರುಟಿನಿಂದ ಸಿಗಬೇಕಾದ ಸಮ ಬಿಗಿಯನ್ನೇ ನಾನು ಕೆಡಿಸಿದ್ದೆ.

ಕೊನೆಗೂ ಬ್ರಹ್ಮಾವರದ ಕಡೆಗೆ ಹೋದೆ. ಮಾಡುವವರು ವಯಸ್ಸಾದವರು. ಚಾವಡಿಯ ಒಂದು ಮೂಲೆಯಲ್ಲಿ ಹೊಸ ಕಳಸಿಗೆಗಳು ಬಾಯಿಗೆ ಎಣ್ಣೆ ಹಚ್ಚಿಸಿಕೊಂಡು ನೆರಳಲ್ಲಿ ನಿಂತಿದ್ದವು. ಅವು ಇನ್ನೂ ಕೆತ್ತುವ ಹದಕ್ಕೆ ಬಂದಿರಲಿಲ್ಲ, ಅದಕ್ಕೇ ದಪ್ಪ ಬಿಟ್ಟು ಒಣಗಲು ಇಟ್ಟಿದ್ದರು. ನನ್ನದನ್ನು ತೊಡೆಯ ಮೇಲಿಟ್ಟು, ಹೊರಗೆ ನೋಡದೆ ಮೊದಲು ಒಳಗೆ ಕೈ ಹಾಕಿದರು. ಅಂಚಿನ ಸುತ್ತ ಹೆಬ್ಬೆರಳು ಆಡಿಸಿದರು. ತೆಳುವಿನ ಜಾಗಕ್ಕೆ ಬಂದು ಬೆರಳು ನಿಂತಿತು.

"ಹ್ವಾಯ್, ಇದ್ಕೆ ಅರ ಹಾಕದ್ದ್ ಯಾರ್?"

"ನಾನೇ" ಅಂದೆ.

"ಎಂತಕ್ಕೆ?"

"ಉರುಟ್ ಇರ್ಲಿಲ್ಲೆ ಅಂತ."

ಅವರು ಮೂಲೆಯಿಂದ ಹಳೆಯ ಕಳಸಿಗೆಯೊಂದನ್ನು ತಂದು ನನ್ನ ಕೈಗೆ ಸ್ಕೇಲು ಕೊಟ್ಟರು. ಮೇಳದಲ್ಲಿ ತಿರುಗಾಡಿ ಬಂದ ಮದ್ದಳೆ ಅದು. ಅಳೆದೆ. ಅದೂ ಉರುಟಿರಲಿಲ್ಲ! ವ್ಯತ್ಯಾಸ ದೊಡ್ಡಪ್ಪನದಕ್ಕಿಂತ ತುಸು ಕಡಿಮೆ ಅಷ್ಟೇ. "ಬಾಯಿ ನೆಲಕ್ಕೆ ಕೂತ್ರೆ ಆಯ್ತ್. ದಪ್ಪ ಒಂದೇ ಸಮ ಇದ್ರೆ ಆಯ್ತ್. ಉರುಟಿನ ಕೆಲ್ಸ ಮುಚ್ಚಿಗೆ ಮಾಡ್ತ್" ಅಂದರು. ಆ ಕಳಸಿಗೆಯ ಬಾಯಿಗೇ ಅಳತೆ ತೆಗೆದು ಮುಚ್ಚಿಗೆ ಹೆಣೆದು, ಉಳಿದ ಚೂರು ವ್ಯತ್ಯಾಸವನ್ನು ತಟ್ಟಿ ಶ್ರುತಿಗೆ ತರುವುದು ಅವರ ಕ್ರಮ. ದೊಡ್ಡಪ್ಪನ ಮದ್ದಳೆ ಮೊದಲೇ ಅವರ ಹತ್ತಿರ ಬಂದಿದ್ದರೆ ಗಾಜಿನ ಮೇಲೆ ಸಂದು ಬಿಟ್ಟ ಜಾಗವನ್ನು ಮಾತ್ರ ಉಗುರಿನಷ್ಟು ಸವರಿ, ಬಾಯಿಗೆ ಎಣ್ಣೆ ಕುಡಿಸಿ, ಹೊಸ ಮುಚ್ಚಿಗೆ ಹಾಕಿ ಕಳಿಸುತ್ತಿದ್ದರು. ಅರ್ಧ ದಿನದ ಮರಗೆಲಸ.

ಶ್ರುತಿ ಏರಿದಷ್ಟೂ ಕಳಸಿಗೆಯ ಮೇಲಿನ ಭಾರ ಏರುತ್ತದೆ ಅನ್ನುವುದನ್ನೂ ಅವರೇ ಹೇಳಿದರು. ಬಡಗುತಿಟ್ಟಿನ ಯಕ್ಷಗಾನದಲ್ಲಿ ಏರು ಮದ್ದಳೆ ತಂದವರು ನೂರು ವರ್ಷ ತುಂಬು ಬಾಳು ಬಾಳಿ 2020ರಲ್ಲಿ ತೀರಿಕೊಂಡ ಹಿರಿಯಡಕ ಗೋಪಾಲ ರಾಯರು. ಅಲ್ಲಿಂದ ಮುಂದೆ ಭಾಗವತರ ಕಂಠದ ಜೊತೆ ಮದ್ದಳೆಯೂ ಏರುತ್ತಲೇ ಬಂತು. ಇಳಿಶ್ರುತಿಯಲ್ಲಿ ತಾಳಿಕೊಳ್ಳುವ ಅಂಚು ಏರುಶ್ರುತಿಯ ಬಾರಿಗೆ ತಾಳಲಾರದು. ನನ್ನ ಅರ ತಿಂದ ಅಂಚು ಎರಡಕ್ಕೂ ತಾಳುವಂತಿರಲಿಲ್ಲ.

ಸರಿ ಮಾಡಲು ಆಗುವುದಿಲ್ಲವೇ ಅಂತ ಕೇಳಿದೆ. "ಹಿಂದಿನ ಹಂಗೆ ಆತಿಲ್ಲೆ" ಅಂದರು. ಮಾಡಬಹುದಾದದ್ದು ಒಂದೇ ಇತ್ತು, ಕೆಟ್ಟ ಅಂಚನ್ನು ಎರಡು ಬೆರಳಿನಷ್ಟು ಕೊಯ್ದು ಬಿಸಾಡುವುದು. ಆದರೆ ನಡು ಉಬ್ಬಿದ ಕಳಸಿಗೆಯನ್ನು ತುದಿಯಲ್ಲಿ ಕೊಯ್ದರೆ ಬಾಯಿ ಅಗಲವಾಗುತ್ತದೆ. ಬಾಯಿ ಅಗಲವಾದರೆ ಶ್ರುತಿ ಇಳಿಯುತ್ತದೆ. ಕಪ್ಪು ಎರಡಕ್ಕೆ ಇನ್ನು ಅದು ಬರುವುದಿಲ್ಲ, ಮನೆಯಲ್ಲಿ ಪಾಠಕ್ಕೆ ಬಂದೀತು. ಒಂದೇ ಬಾಯಿ ಕೊಯ್ದರೆ ಕೈಗೆ ಹದ ತಪ್ಪುತ್ತದೆಂದು ಎಡಬಾಯಿಯಿಂದಲೂ ಸ್ವಲ್ಪ ತೆಗೆಯಬೇಕು ಅಂದರು. ಅರಾಲ್ಡೈಟನ್ನು ಉಳಿಯಿಂದ ಕೆರೆದು ಹೊರಗೆ ಹಾಕಿ, ಹಳೆಯ ಹಲಸಿನದೇ ತೆಳು ಚಕ್ಕೆಯನ್ನು ನಾರಿನ ದಿಕ್ಕು ನೋಡಿ ಬಿರುಕಿಗೆ ಕೂರಿಸಿದರು. ಅದನ್ನು ಬಡಿದು ಬಿಗಿಯಾಗಿ ತುರುಕಲಿಲ್ಲ, ಕೈಯಿಂದ ಒತ್ತಿ ಅಂಟಿಸಿದರು. ಮಳೆಗಾಲ ಪೂರ್ತಿ ಕಳೆದು ಮರ ಒಂದು ಹದಕ್ಕೆ ಬಂದ ಮೇಲೆಯೇ ಬಾಯಿ ಸವರಿದರು. ನಾನು ಮಧ್ಯೆ ಹೋಗಿ "ಆಯ್ತಾ" ಅಂತ ಕೇಳಿದಾಗಲೆಲ್ಲ "ನಂದ್ ಆಯ್ತ್, ಮರದ್ ಆಯ್ಲಿಲ್ಲೆ" ಅನ್ನುವುದೇ ಉತ್ತರ.

ದೊಡ್ಡಮ್ಮನಿಗೆ ಹೇಳಬೇಕಾದದ್ದು ಬಾಕಿಯಿತ್ತು. ಮದ್ದಳೆ ವಾಪಸ್ ಬಂದ ದಿನವೇ ಹೋದೆ. ಅವರು ಕೊಟ್ಟ ದುಡ್ಡನ್ನು ಬೇರೆ ಲಕೋಟೆಯಲ್ಲಿ ಇಟ್ಟುಕೊಂಡಿದ್ದೆ, ರಿಪೇರಿಯ ಖರ್ಚು ನನ್ನದೇ. ಹಂಡೆ, ಬೆಲ್ಟು, ಅರ, ಸುಳ್ಳು ಎಲ್ಲವನ್ನೂ ಹೇಳಿದೆ. ಮದ್ದಳೆ ಇನ್ನು ತಾಳಮದ್ದಳೆಗೆ ಆಗುವುದಿಲ್ಲ, ಹುಡುಗನ ಕಲಿಕೆಗೆ ಮಾತ್ರ, ಅವನು ಮುಂದುವರಿದರೆ ಹೊಸದನ್ನು ನಾನೇ ಮಾಡಿಸಿಕೊಡುತ್ತೇನೆ ಅಂದೆ. ಅವರು ಲಕೋಟೆ ಬಿಚ್ಚಿ ಎಣಿಸಿದರು. ಸರಿಯಿತ್ತು, ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಮದ್ದಳೆಯನ್ನು ಮೊಮ್ಮಗನ ಎದುರು ಇಟ್ಟು, ಅವನು ಎರಡೂ ಕೈಯಲ್ಲಿ ಲಯವಿಲ್ಲದೆ ಬಡಿಯುವುದನ್ನು ಸ್ವಲ್ಪ ಹೊತ್ತು ಕೇಳಿದರು.

"ಕೊಯ್ದ ತುಂಡ್ ಎಲ್ಲಿತ್ತ್?"

ಬಲಬಾಯಿಯದು ಬಿರುಕಿನಲ್ಲಿ ಬಿಚ್ಚಿಕೊಂಡಿತ್ತು. ಎಡಬಾಯಿಯದು ಬಳೆಯ ಹಾಗೆ ಇಡಿಯಾಗಿ ಬಂದಿತ್ತು, ಅದು ಸ್ಕೂಟರಿನ ಚೀಲದಲ್ಲೇ ಇತ್ತು. ತಂದುಕೊಟ್ಟೆ. ತಿರುಗಿಸಿ ನೋಡಿ, "ಇದ್ಕೂ ಅರ ಹಾಕಿದ್ಯಾ?" ಅಂದರು. ಇಲ್ಲ ಅಂದೆ. ಒಳಗೆ ಹೋಗಿ ಅದನ್ನು ಸಿಂಬಿಯ ಬದಲಿಗೆ ಇಟ್ಟು, ಅದರ ಮೇಲೆ ಗಂಜಿಯ ಪಾತ್ರೆ ಕೂರಿಸಿ, ಅಲ್ಲಾಡುತ್ತದೆಯೇ ಅಂತ ಒಂದು ಸಲ ಕೈಯಿಂದ ಒತ್ತಿ ನೋಡಿದರು. "ಊಟ ಮಾಡ್ಕಂಡ್ ಹೋಗ್" ಅಂದರು.